ಅಂಚಿನಲ್ಲಿ ಡಿ ಪೀಕ್ ಬಂತು, ಫ್ಲೇಕ್ ಎಸೆಯಬೇಕಾ?

ಪ್ರಶ್ನೆ: ಮೇಡಂ, ನಾನು ಧಾರವಾಡದ ಕಡೆಯವಳು. ಭೌತಶಾಸ್ತ್ರದಲ್ಲಿ ಪಿಎಚ್‌ಡಿ, ಎರಡನೇ ವರ್ಷ. ಗ್ರಾಫೈಟಿಗೆ ಟೇಪ್ ಅಂಟಿಸಿ ಎಳೆದು, 300 ನ್ಯಾನೋಮೀಟರ್ ಆಕ್ಸೈಡ್ ಇರುವ ಸಿಲಿಕಾನ್ ಮೇಲೆ ಗ್ರಾಫೀನ್, ಅಂದರೆ ಒಂದೇ ಪರಮಾಣು ದಪ್ಪದ ಕಾರ್ಬನ್ ಹಾಳೆ, ಕೂರಿಸಿದ್ದೇನೆ. ಆರು ತಿಂಗಳಲ್ಲಿ ಸಿಕ್ಕಿದ್ದು ಒಂದೇ ಒಳ್ಳೆಯ ಫ್ಲೇಕ್ (ಚೂರು), ಸುಮಾರು 15 ಮೈಕ್ರಾನ್ ಉದ್ದ. ಬೆಂಗಳೂರಿನ ಒಂದು ಲ್ಯಾಬಿನಲ್ಲಿ ಎರಡು ಗಂಟೆ ಸ್ಲಾಟ್ ತಗೊಂಡು 532 ನ್ಯಾನೋಮೀಟರ್ ಲೇಸರ್‌ನಲ್ಲಿ ರಾಮನ್ ಸ್ಪೆಕ್ಟ್ರಮ್ ತೆಗೆಸಿದೆ, ಅಂದರೆ ಚದುರಿದ ಬೆಳಕಿನಲ್ಲಿ ಹರಳಿನ ಕಂಪನಗಳು ಪೀಕ್‌ಗಳಾಗಿ ಕಾಣುವ ನಕ್ಷೆ. ಫ್ಲೇಕಿನ ನಡುವೆ ಜಿ ಮತ್ತು ಟೂಡಿ ಪೀಕ್ ಮಾತ್ರ ಬಂದವು. ಟೂಡಿ ಅಗಲ 28 ವೇವ್‌ನಂಬರ್ (ಪೀಕಿನ ಜಾಗ, ಅಗಲ ಅಳೆಯುವ ಮಾನ). ಅಂಚಿಗೆ ಹೋದರೆ 1345ರ ಹತ್ತಿರ ಡಿ ಪೀಕ್ ಬರುತ್ತದೆ, ಜಿ ಪೀಕಿನ ಐದನೇ ಒಂದು ಭಾಗದಷ್ಟು. ಡಿ ಅಂದರೆ ಡಿಫೆಕ್ಟ್, ಸ್ಯಾಂಪಲ್ ಸರಿಯಿಲ್ಲ, ಬೇರೆ ಮಾಡು ಅಂತ ನಮ್ಮ ಗೈಡ್ ಹೇಳುತ್ತಾರೆ. ಡಿ-ಜಿ ಅನುಪಾತವನ್ನು ಸೂತ್ರಕ್ಕೆ ಹಾಕಿದರೆ ಹರಳಿನ ಗಾತ್ರ 96 ನ್ಯಾನೋಮೀಟರ್ ಅಂತ ಬರುತ್ತದೆ. ಇನ್ನೊಂದು ವಿಚಿತ್ರ ಏನಂದರೆ, ಡಾರ್ಕ್‌ಫೀಲ್ಡ್ ಮೈಕ್ರೋಸ್ಕೋಪಿನಲ್ಲಿ ಒಂದು ಕಡೆಯ ಅಂಚು ಬೆಳ್ಳಿ ಗೆರೆಯ ಹಾಗೆ ಹೊಳೆಯುತ್ತದೆ, ಉಳಿದ ಅಂಚುಗಳು ಕಾಣುವುದೇ ಕಷ್ಟ. ಆದರೆ ಹೊಳೆಯುವ ಅಂಚಿನಲ್ಲೇ ಡಿ ಪೀಕ್ ಇಲ್ಲ! ಹಾಗಾದರೆ ಅದು ಜಿಗ್‌ಜಾಗ್ ಅಂಚು, ಒಳ್ಳೆಯ ಪೇಪರ್ ಆಗುತ್ತದೆ ಅಂತ ಸೀನಿಯರ್ ಒಬ್ಬರು ಹುರಿದುಂಬಿಸಿದರು. ಇನ್ನೊಬ್ಬರು, ಲೇಸರ್ ನಿಮ್ಮ ಅಂಚನ್ನು ಸುಟ್ಟಿದೆ ಅಂದರು. ಗೆಳತಿಯ ಟಂಗ್‌ಸ್ಟನ್ ಡೈಸಲ್ಫೈಡ್ ತ್ರಿಕೋನಗಳ ಅಂಚೂ ಹೊಳೆಯುತ್ತವಂತೆ, ಅದೂ ಇದೇನಾ? ಯಾರ ಮಾತು ನಂಬಲಿ?

ಉತ್ತರ: ಮೊದಲು ಆ ಫ್ಲೇಕನ್ನು ಒಂದು ಡಬ್ಬಿಯಲ್ಲಿ ಹಾಕಿ ಜೋಪಾನವಾಗಿಡಿ. ಎಸೆಯಬೇಡಿ. ನಡುವೆ ಡಿ ಇಲ್ಲ, ಟೂಡಿ 28 ಅಗಲದ ಒಂದೇ ನೀಟಾದ ಗುಡ್ಡ. ಒಂದೇ ಪದರದ ಒಳ್ಳೆಯ ಗ್ರಾಫೀನ್ ಇರುವುದೇ ಹೀಗೆ. ಅಂಚಿನಲ್ಲಿ ಡಿ ಕಂಡರೆ ಅದರ ಅರ್ಥ ಇಷ್ಟೇ: ಹರಳು ಅಲ್ಲಿಗೆ ಮುಗಿಯಿತು. ಎಲ್ಲ ಹಾಳೆಗೂ ಒಂದು ಅಂಚು ಇರಲೇಬೇಕಲ್ವಾ?

ನಿಮ್ಮ ಗೈಡ್ ಹೇಳಿದ್ದು ಪೂರ್ತಿ ತಪ್ಪೂ ಅಲ್ಲ. ಡಿ ಪೀಕ್ ಕಾಣಬೇಕಾದರೆ ಹರಳಿನ ಸಾಲು ಎಲ್ಲೋ ಒಂದು ಕಡೆ ಮುರಿದಿರಬೇಕು. ತೂತು, ಬಿರುಕು, ಆಮ್ಲಜನಕ ಹತ್ತಿಕೊಂಡ ಜಾಗ, ಎರಡು ಹರಳು ಸೇರುವ ಹೊಲಿಗೆ, ಎಲ್ಲವೂ ಡಿ ಕೊಡುತ್ತವೆ. ಅಂಚೂ ಕೊಡುತ್ತದೆ. ತಪ್ಪಾಗಿದ್ದು ಒಂದೇ ಕಡೆ: ಎಲ್ಲಿಂದ ಬಂದ ಡಿ ಅಂತ ಕೇಳದೆ ಇಡೀ ಫ್ಲೇಕಿಗೆ ತೀರ್ಪು ಕೊಟ್ಟಿದ್ದು.

ಅಂಚಿಗೆ ಏನು ಅಂಥ ವಿಶೇಷ ಅಂತ ನೋಡೋಣ. ಬೆಳಕು ಬಂದು ಬಡಿದು ಚದುರುವಾಗ ಎರಡು ಲೆಕ್ಕ ತಾಳೆಯಾಗಬೇಕು. ಒಂದು ಶಕ್ತಿಯ ಲೆಕ್ಕ, ಇನ್ನೊಂದು ಮೊಮೆಂಟಮ್, ಅಂದರೆ ಸಂವೇಗದ ಲೆಕ್ಕ. ಗ್ರಾಫೀನಿನ ನಡುವೆ ಯಾವ ಜಾಗ ನೋಡಿದರೂ ಒಂದೇ ಥರ. 0.246 ನ್ಯಾನೋಮೀಟರ್‌ಗೆ ಒಮ್ಮೆ ಅದೇ ವಿನ್ಯಾಸ, ಹಾಸಿದ ಟೈಲ್ಸ್ ಹಾಗೆ. ಅಂಥ ಕಡೆ ಸಂವೇಗದ ಲೆಕ್ಕದಲ್ಲಿ ಒಂದು ಪೈಸೆಯೂ ಆಚೀಚೆ ಆಗುವ ಹಾಗಿಲ್ಲ. ನಿಮ್ಮ ಲೇಸರ್‌ನ ತರಂಗದ ಉದ್ದ 532 ನ್ಯಾನೋಮೀಟರ್. ಈ ವಿನ್ಯಾಸದ ಅಳತೆಗಿಂತ ಅದು ಎರಡು ಸಾವಿರ ಪಟ್ಟಿಗೂ ದೊಡ್ಡದು. ಹಾಗಾಗಿ ಬೆಳಕು ತರುವ ಸಂವೇಗ ಹರಳಿನ ಲೆಕ್ಕದಲ್ಲಿ ಸೊನ್ನೆ ಅಂದರೂ ನಡೆಯುತ್ತದೆ. ಸೊನ್ನೆ ತಂದವರು ಸೊನ್ನೆಯನ್ನೇ ಖರ್ಚು ಮಾಡಬೇಕು. ಆದ್ದರಿಂದ ಸಂವೇಗವಿಲ್ಲದ ಕಂಪನ ಮಾತ್ರ ನಮಗೆ ಕಾಣುತ್ತದೆ. ಪಕ್ಕಪಕ್ಕದ ಕಾರ್ಬನ್ ಪರಮಾಣುಗಳು ಹಾಳೆಯೊಳಗೇ ಎದುರುಬದುರಾಗಿ ಜಗ್ಗಾಡುವ ಕಂಪನ ಅಂಥದ್ದು. ಅದೇ 1580ರ ಜಿ ಪೀಕ್.

ಡಿ ಕಂಪನದ ಕಥೆ ಬೇರೆ. ಆರು ಮೂಲೆಯ ಉಂಗುರಗಳು ಉಸಿರಾಡಿದ ಹಾಗೆ ಹಿಗ್ಗಿ ಕುಗ್ಗುತ್ತವೆ. ಇದರ ಕೈಯಲ್ಲಿ ಸಂವೇಗ ತುಂಬಾ ಜಾಸ್ತಿ. ಒಂಟಿಯಾಗಿ ಹೊರಟರೆ ಲೆಕ್ಕ ತಪ್ಪುತ್ತದೆ. ಜೋಡಿಯಾಗಿ, ಒಂದು ಆ ದಿಕ್ಕಿಗೆ ಇನ್ನೊಂದು ಈ ದಿಕ್ಕಿಗೆ ಹೊರಟರೆ ಕೂಡಿ ಕಳೆದು ಸೊನ್ನೆ. ಈ ಜೋಡಿ ಕಂಪನವೇ 2690ರ ಆಸುಪಾಸಿನ ಟೂಡಿ ಪೀಕ್. ನಿಮ್ಮ 1345ನ್ನು ಎರಡರಿಂದ ಗುಣಿಸಿ ನೋಡಿ. ಟೂಡಿಗೆ ಯಾವ ದೋಷವೂ ಬೇಡ, ಅಪ್ಪಟ ಗ್ರಾಫೀನ್‌ನಲ್ಲೂ ಅದು ಎದ್ದು ನಿಲ್ಲುತ್ತದೆ. ಹೆಸರು ಒಂದೇ ಥರ ಇರುವುದರಿಂದ ಹೊಸಬರು ಇಲ್ಲೇ ಮೊದಲು ಎಡವುತ್ತಾರೆ.

ಒಂಟಿ ಡಿ ಹೊರಬರಬೇಕಾದರೆ ಮಿಕ್ಕ ಸಂವೇಗವನ್ನು ಯಾರಾದರೂ ತಮ್ಮ ಖಾತೆಗೆ ಹಾಕಿಕೊಳ್ಳಬೇಕು. ಅಂಚು ಮಾಡುವುದು ಇದನ್ನೇ.

ಕೇರಂ ಬೋರ್ಡ್ ನೆನಪು ಮಾಡಿಕೊಳ್ಳಿ. ನಡುವೆ ಜಾರುವ ಸ್ಟ್ರೈಕರ್ ನೇರ ಹೋಗುತ್ತಿರುತ್ತದೆ. ಪಕ್ಕದ ಕಟ್ಟಿಗೆ ಬಡಿದಾಗ ವೇಗ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ, ದಿಕ್ಕು ಮಾತ್ರ ತಿರುಗುತ್ತದೆ. ಗ್ರಾಫೀನ್‌ನಲ್ಲಿ ಬೆಳಕು ಒಂದು ಎಲೆಕ್ಟ್ರಾನನ್ನು ಮೇಲೆಬ್ಬಿಸುತ್ತದೆ. ಅದು ಒಂದು ಡಿ ಕಂಪನ ಬಿಟ್ಟು ಇನ್ನೊಂದು ಕಣಿವೆಗೆ ಹೋಗಿ ಬೀಳುತ್ತದೆ. ಕಣಿವೆ ಅಂದರೆ ಇಲ್ಲಿ ಎಲೆಕ್ಟ್ರಾನುಗಳ ಶಕ್ತಿಯ ನಕ್ಷೆಯಲ್ಲಿರುವ ಕೆ ಮತ್ತು ಕೆ-ಪ್ರೈಮ್ ಅನ್ನುವ ಎರಡು ತಾಣ. ಅಲ್ಲಿಂದ ಮೊದಲಿನ ಜಾಗಕ್ಕೆ ವಾಪಸ್ ಬಂದರೆ ಮಾತ್ರ ಬೆಳಕು ಹೊರಗೆ ಬೀಳುತ್ತದೆ. ವಾಪಸ್ ಬರಲು ಇರುವುದು ಎರಡು ದಾರಿ. ಇನ್ನೊಂದು ಡಿ ಕಂಪನ ಬಿಡಬೇಕು, ಆಗ ಟೂಡಿ. ಇಲ್ಲ ಕಟ್ಟಿಗೆ ಬಡಿದು, ಶಕ್ತಿ ಕಳೆದುಕೊಳ್ಳದೆ, ತಿರುಗಿ ಬರಬೇಕು, ಆಗ ಡಿ.

ಆ ಎಲೆಕ್ಟ್ರಾನಿಗೆ ಆಯಸ್ಸು ತೀರಾ ಕಮ್ಮಿ. ಅಂಚಿನಿಂದ ಕೆಲವೇ ನ್ಯಾನೋಮೀಟರ್ ಒಳಗೆ ಹುಟ್ಟಿದ್ದರೆ ಮಾತ್ರ ಕಟ್ಟಿಗೆ ಹೋಗಿ ಬಡಿದು ಬರಲು ಸಮಯವಿರುತ್ತದೆ. ಅಂಚಿನ ಪಟ್ಟಿ 4 ನ್ಯಾನೋಮೀಟರ್ ಅಗಲ ಅಂತ ಇಟ್ಟುಕೊಳ್ಳಿ. ಒಳ್ಳೆಯ ಲೆನ್ಸ್ ಹಾಕಿದರೂ ನಿಮ್ಮ ಲೇಸರ್ ಚುಕ್ಕೆ ಸುಮಾರು 700 ನ್ಯಾನೋಮೀಟರ್ ಅಗಲ. ಚುಕ್ಕೆ ಅರ್ಧ ಫ್ಲೇಕ್ ಮೇಲೆ, ಅರ್ಧ ಹೊರಗೆ ಇದ್ದರೆ, ಬೆಳಗಿದ ಗ್ರಾಫೀನ್‌ನಲ್ಲಿ ನೂರಕ್ಕೆ ಒಂದೂವರೆ ಪಾಲು ಮಾತ್ರ ಡಿ ಕೊಡುತ್ತಿದೆ. ಉಳಿದ ತೊಂಬತ್ತೆಂಟೂವರೆ ಪಾಲಿಗೆ ಅಂಚು ಇರುವ ಸುದ್ದಿಯೇ ಗೊತ್ತಿಲ್ಲ.

ಈಗ ನಿಮ್ಮ 96 ನ್ಯಾನೋಮೀಟರ್ ಲೆಕ್ಕಕ್ಕೆ ಬರೋಣ. ಡಿ ಮತ್ತು ಜಿ ಅನುಪಾತದಿಂದ ಹರಳಿನ ಗಾತ್ರ ಹೇಳುವ ಪದ್ಧತಿ 1970ರಲ್ಲಿ ಟ್ಯೂಯಿನ್‌ಸ್ಟ್ರಾ ಮತ್ತು ಕೋನಿಗ್ ತೋರಿಸಿದ್ದು. ಸಣ್ಣ ಸಣ್ಣ ಹರಳು ಒತ್ತೊತ್ತಾಗಿ ತುಂಬಿದ ಗ್ರಾಫೈಟಿಗೆ ಅದು ಸರಿ. ಚುಕ್ಕೆಯೊಳಗೆ ನೂರಾರು ಹರಳು, ಎಲ್ಲಕ್ಕೂ ಸುತ್ತ ಅಂಚು. ಹಾಗಾಗಿ ಅನುಪಾತ ಸರಾಸರಿ ಗಾತ್ರ ಹೇಳುತ್ತದೆ. ನಿಮ್ಮ ಚುಕ್ಕೆಯೊಳಗೆ ಇರುವುದು ಒಂದೇ ಹರಳು, ಒಂದೇ ಅಂಚು. ಇಲ್ಲಿ ಆ ಸೂತ್ರ ಹಾಕುವುದು, ಊರಿನ ಗಡಿಕಲ್ಲು ನೋಡಿ ಮನೆಗಳ ಸೈಟ್ ಅಳತೆ ಹೇಳಿದ ಹಾಗೆ. 15 ಮೈಕ್ರಾನ್ ಫ್ಲೇಕ್ ಕಣ್ಣೆದುರಿಗೇ ಇದೆಯಲ್ಲ!

ನಂಬಿಕೆ ಬರದಿದ್ದರೆ ಮುಂದಿನ ಸಲ ಒಂದು ಸಣ್ಣ ಆಟ ಆಡಿ. ಚುಕ್ಕೆಯನ್ನು ಅಂಚಿನಿಂದ 200 ನ್ಯಾನೋಮೀಟರ್ ಹೊರಗೆ ಸರಿಸಿ. ಡಿ ಸ್ವಲ್ಪ ಇಳಿಯುತ್ತದೆ, ಜಿ ಅದಕ್ಕಿಂತ ಜಾಸ್ತಿ ಇಳಿಯುತ್ತದೆ, ಅನುಪಾತ ಏರುತ್ತದೆ. ಸೂತ್ರ ಈಗ ಹರಳು ಇನ್ನೂ ಚಿಕ್ಕದು ಅನ್ನುತ್ತದೆ. ಫ್ಲೇಕ್ ಅದೇ, ಅಂಚು ಅದೇ, ಸರಿದಿದ್ದು ಸ್ಟೇಜ್ ಮಾತ್ರ. ಆ ಎರಡು ಸ್ಪೆಕ್ಟ್ರಮ್ ಪಕ್ಕಪಕ್ಕ ಇಟ್ಟು ಗೈಡ್‌ಗೆ ತೋರಿಸಿ, ವಾದ ಮಾಡುವ ಪ್ರಮೇಯವೇ ಬರಲಿಕ್ಕಿಲ್ಲ. ಇನ್ನೊಂದು ಎಚ್ಚರಿಕೆ: ಬೇರೆ ಲ್ಯಾಬಿನ 633 ಲೇಸರ್‌ನಲ್ಲಿ ಇದೇ ಅಂಚನ್ನು ನೋಡಿದರೆ ಅನುಪಾತ ಹೆಚ್ಚುಕಮ್ಮಿ ಎರಡು ಪಟ್ಟಾಗುತ್ತದೆ, ಡಿ ಪೀಕ್ ಕೂಡ ಒಂದು ಇಪ್ಪತ್ತು ವೇವ್‌ನಂಬರ್ ಕೆಳಗೆ ಸರಿಯುತ್ತದೆ. ಅದನ್ನು ನೋಡಿ ಫ್ಲೇಕ್ ಹಾಳಾಯಿತು ಅಂತ ಗಾಬರಿಯಾಗಬೇಡಿ.

ಇನ್ನು ಹೊಳೆಯುವ ಅಂಚು. ನಿಮ್ಮ ಪತ್ರದಲ್ಲಿ ನನಗೆ ತುಂಬಾ ಹಿಡಿಸಿದ ವಿಷಯ ಇದೇ.

ಗ್ರಾಫೀನ್ ದಪ್ಪ 0.335 ನ್ಯಾನೋಮೀಟರ್. ಹಸಿರು ಬೆಳಕಿನ ತರಂಗದ ಮುಂದೆ ಇದು ಸಾವಿರದ ಐನೂರರಲ್ಲಿ ಒಂದು ಪಾಲು. ಇಷ್ಟು ಕುಳ್ಳಗಿನ ಮೆಟ್ಟಿಲು ಬೆಳಕನ್ನು ತಡೆದು ಚದುರಿಸುತ್ತದೆ ಅನ್ನುವುದು ಸರಿಹೋಗುವ ಮಾತಲ್ಲ. ಅಂಚು ಬೆಳಕು ಚದುರಿಸುವುದು ಎತ್ತರದಿಂದಲ್ಲ, ಹಾಳೆ ತಟ್ಟನೆ ನಿಂತುಹೋಗುವುದರಿಂದ. ಬೆಳಕು ಬಿದ್ದಾಗ ಹಾಳೆಯ ಎಲೆಕ್ಟ್ರಾನುಗಳು ತೂಗಾಡುತ್ತವೆ. ಅಗಲವಾದ ಹಾಳೆಯ ಎಲ್ಲ ಕಡೆಯೂ ಒಂದೇ ತಾಳದಲ್ಲಿ ತೂಗಾಡುವುದರಿಂದ, ಅವು ಹೊರಗೆ ಬಿಡುವ ಬೆಳಕು ಕನ್ನಡಿಯ ನಿಯಮದಂತೆ ಒಂದೇ ದಿಕ್ಕಿಗೆ ಹೋಗುತ್ತದೆ. ಮತ್ತೆ ಅದೇ ಸಂವೇಗದ ಲೆಕ್ಕ. ಹಾಳೆ ಮುಗಿದ ಕಡೆ ತೂಗಾಟವೂ ಕತ್ತರಿಸಿಹೋಗುತ್ತದೆ, ಅಲ್ಲಿಂದ ಬೆಳಕು ಬೀಸಣಿಗೆಯ ಹಾಗೆ ಎಲ್ಲ ದಿಕ್ಕಿಗೂ ಹರಡುತ್ತದೆ. ಡಾರ್ಕ್‌ಫೀಲ್ಡ್ ಮೈಕ್ರೋಸ್ಕೋಪ್ ಕನ್ನಡಿ ದಿಕ್ಕಿನ ಬೆಳಕನ್ನು ಬಿಟ್ಟು, ಹೀಗೆ ಹರಡಿದ್ದನ್ನು ಮಾತ್ರ ಹಿಡಿಯುತ್ತದೆ. ಆದ್ದರಿಂದ ಹಾಳೆ ಕಪ್ಪು, ಅಂಚು ಬಿಳಿ.

ಆದರೆ ತೂಗಿಸಲು ಅಲ್ಲಿ ಎಷ್ಟು ಸರಕಿದೆ? ಗಾಳಿಯಲ್ಲಿ ತೂಗುಹಾಕಿದ ಒಂದು ಪದರ ಗ್ರಾಫೀನ್ ಹೀರುವುದೇ ಬೆಳಕಿನ ನೂರಕ್ಕೆ 2.3 ಪಾಲು. ಅದರ ಅಂಚಿನಿಂದ ಬರುವ ಬೆಳಕು ಮಿಣುಕು ಮಿಣುಕು, ಅಷ್ಟೇ. ನಿಮ್ಮ ಉಳಿದ ಅಂಚುಗಳು ಕಾಣುವುದೇ ಕಷ್ಟ ಅಂದಿರಲ್ಲ, ಹಾಗೇ ಇರಬೇಕು. ಬೆಳ್ಳಿ ಗೆರೆಯೇ ಅನುಮಾನದ್ದು. ಒಂದು ಪದರಕ್ಕೆ ಅಷ್ಟು ಹೊಳಪು ಬರುವುದಿಲ್ಲ. ಅಲ್ಲಿ ಇನ್ನೇನೋ ಇದೆ.

ನನ್ನ ಊಹೆ, ಅಲ್ಲಿ ಹಾಳೆ ಮಡಿಚಿಕೊಂಡಿದೆ. ಟೇಪ್ ಎಳೆಯುವಾಗ ಫ್ಲೇಕಿನ ಸೆರಗು ಒಳಕ್ಕೆ ಮಗುಚಿಕೊಳ್ಳುವುದು ತೀರಾ ಮಾಮೂಲಿ. ಮಡಿಕೆಯ ಬೆನ್ನು ಸಣ್ಣ ಕೊಳವೆಯ ಹಾಗೆ ಉಬ್ಬಿರುತ್ತದೆ, ಪಕ್ಕದಲ್ಲೇ ಸುಕ್ಕು ಇರುತ್ತದೆ, ಸಂದಿಯಲ್ಲಿ ಕಸ ಸೇರಿರುತ್ತದೆ. ಹಾಗಾಗಿ ಅದು ಚೆನ್ನಾಗಿ ಹೊಳೆಯುತ್ತದೆ. ಆದರೆ ಮಡಿಕೆಯಲ್ಲಿ ಕಾರ್ಬನ್ ಬಂಧ ಯಾವುದೂ ಮುರಿದಿಲ್ಲ. ಸೀರೆ ಮಡಿಚಿದ ಕಡೆ ನೂಲು ಕಿತ್ತುಹೋಗುವುದಿಲ್ಲವಲ್ಲ, ಹಾಗೆ. ಕಟ್ಟೇ ಇಲ್ಲದ ಮೇಲೆ ಎಲೆಕ್ಟ್ರಾನ್ ಯಾವುದಕ್ಕೆ ಬಡಿಯಬೇಕು? ನೀಟಾದ ಮಡಿಕೆಯಲ್ಲಿ ಡಿ ಇರುವುದಿಲ್ಲ, ಇದ್ದರೂ ತೀರಾ ಸಣ್ಣದು. ಹೊಳಪು ಇದೆ, ಡಿ ಇಲ್ಲ ಅನ್ನುವ ನಿಮ್ಮ ಒಗಟಿಗೆ ಇದು ಸರಿಯಾಗಿ ಕೂರುತ್ತದೆ.

ಪರೀಕ್ಷೆ ಮಾಡುವುದು ಸುಲಭ. ಹೊಳೆಯುವ ಗೆರೆಯಿಂದ ಮೆಲ್ಲಗೆ ಒಳಕ್ಕೆ ಬನ್ನಿ, ಅರ್ಧ ಅರ್ಧ ಮೈಕ್ರಾನ್ ಸರಿಸುತ್ತಾ ಸ್ಪೆಕ್ಟ್ರಮ್ ತೆಗೆಯಿರಿ. ಮಗುಚಿದ ಸೆರಗಿನ ನಿಜವಾದ ತುದಿ ಹಾಳೆಯ ಮೇಲೆ ಎಲ್ಲೋ ಮಲಗಿರುತ್ತದೆ. ಅಲ್ಲಿ ಡಿ ತಟ್ಟನೆ ಕಾಣಿಸಿಕೊಂಡು ಮಾಯವಾಗಬೇಕು. ಮಾಮೂಲಿ ಮೈಕ್ರೋಸ್ಕೋಪಿನಲ್ಲೂ ಆ ಪಟ್ಟಿ ಒಂದು ಛಾಯೆ ಗಾಢ ಕಾಣಬೇಕು, ಏಕೆಂದರೆ ಅಲ್ಲಿ ಎರಡು ಪದರ. ಇವೆರಡೂ ಕಾಣದೆ, ಸ್ಪೆಕ್ಟ್ರಮ್‌ನ ಬುಡವೇ ಮೇಲೆದ್ದು 2900ರ ಆಸುಪಾಸು ಗುಡ್ಡ ಬಂದರೆ ಅದು ಟೇಪಿನ ಗೋಂದು. ಗೋಂದೂ ಚೆನ್ನಾಗಿ ಹೊಳೆಯುತ್ತದೆ!

ಇಲ್ಲಿ ಒಂದು ಮಾತು ಹೇಳದೆ ಇರಲಾರೆ. ಸಿ.ವಿ. ರಾಮನ್ ಅಂದರೆ ನಮಗೆ 1928, ಬಣ್ಣ ಬದಲಾಯಿಸುವ ಬೆಳಕು. ಆದರೆ ಅವರ ಮೊದಲ ಪ್ರಬಂಧ ಬಂದಿದ್ದು 1906ರಲ್ಲಿ, ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದುತ್ತಿದ್ದಾಗ. ಆಗ ಅವರಿಗೆ 18 ವರ್ಷ. ವಿಷಯ, ಆಯತಾಕಾರದ ಕಂಡಿಯ ಅಂಚುಗಳಿಂದ ಬಾಗುವ ಬೆಳಕಿನ ಪಟ್ಟಿಗಳು ಎರಡೂ ಕಡೆ ಏಕೆ ಒಂದೇ ಥರ ಇರುವುದಿಲ್ಲ ಅನ್ನುವುದು. 1933ರಲ್ಲಿ ಅವರು ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಗೆ, ನಿರ್ದೇಶಕರಾಗಿ ಬಂದರು, ಉಳಿದ ಆಯಸ್ಸನ್ನು ಇದೇ ಊರಿನಲ್ಲಿ ಕಳೆದರು. ನೀವು ಡಾರ್ಕ್‌ಫೀಲ್ಡ್‌ನಲ್ಲಿ ನೋಡುತ್ತಿರುವುದು ಅವರ 1906ರ ಬೆಳಕು, ಲೇಸರ್ ಹಾಕಿ ನೋಡುತ್ತಿರುವುದು 1928ರದ್ದು. ಒಂದೇ ಅಂಚಿನ ಮೇಲೆ ಎರಡೂ ಸಿಗುವುದು ನನಗಂತೂ ಇವತ್ತಿಗೂ ಖುಷಿ ಕೊಡುತ್ತದೆ.

ಅಂಚು ಮಾಡುವ ಇನ್ನೊಂದು ಕೆಲಸವೂ ಇದೆ. 2012ರಲ್ಲಿ ಎರಡು ತಂಡಗಳು ಸೂಜಿಮೊನೆಯ ಮೇಲೆ ಇನ್‌ಫ್ರಾರೆಡ್ ಬೆಳಕು ಹಾಕಿ, ಗ್ರಾಫೀನ್‌ನಲ್ಲಿ ಎಲೆಕ್ಟ್ರಾನುಗಳ ಅಲೆ ಎಬ್ಬಿಸಿದವು. ಹೊರಗಿನ ಬೆಳಕಿನ ತರಂಗ ಹತ್ತು ಮೈಕ್ರಾನ್ ಆಸುಪಾಸು, ಒಳಗೆ ಎದ್ದ ಅಲೆ ಸುಮಾರು 200 ನ್ಯಾನೋಮೀಟರ್. ಆ ಅಲೆಗಳು ಅಂಚಿಗೆ ಬಡಿದು ವಾಪಸ್ ಬಂದು, ಅಂಚಿನುದ್ದಕ್ಕೂ ಪಟ್ಟಿ ಪಟ್ಟಿಯಾಗಿ ನಿಂತಿದ್ದವು. ಕೆರೆಯ ಕಟ್ಟೆಗೆ ಬಡಿದ ಅಲೆಯ ಹಾಗೆ. ನಿಮ್ಮ ಕೆಲಸಕ್ಕೆ ಇದು ಈಗ ಬೇಡ, ಗೊತ್ತಿರಲಿ ಅಂತ ಹೇಳಿದೆ.

ಈಗ ಜಿಗ್‌ಜಾಗ್ ವಿಚಾರ. ಹರಳನ್ನು ಯಾವ ದಿಕ್ಕಿಗೆ ಕತ್ತರಿಸುತ್ತೀರಿ ಅನ್ನುವುದರ ಮೇಲೆ ಅಂಚಿನ ಪರಮಾಣುಗಳ ಸಾಲಿಗೆ ಎರಡು ಮುಖ್ಯ ಆಕಾರ: ಜಿಗ್‌ಜಾಗ್ ಮತ್ತು ಆರ್ಮ್‌ಚೇರ್. ನಿಮ್ಮ ಸೀನಿಯರ್ ಹೇಳಿದ್ದರಲ್ಲಿ ಅರ್ಧ ಸತ್ಯವಿದೆ. ಅಂಚು ಎಲೆಕ್ಟ್ರಾನನ್ನು ತಳ್ಳುವುದು ತನಗೆ ಲಂಬವಾದ ದಿಕ್ಕಿಗೆ ಮಾತ್ರ. ಆರ್ಮ್‌ಚೇರ್ ಅಂಚು ಹಾಗೆ ತಳ್ಳಿದರೆ ಎಲೆಕ್ಟ್ರಾನ್ ಒಂದು ಕಣಿವೆಯಿಂದ ಇನ್ನೊಂದಕ್ಕೆ ಹೋಗುತ್ತದೆ. ಅಪ್ಪಟ ಜಿಗ್‌ಜಾಗ್ ಅಂಚು ತಳ್ಳಿದರೆ ಅದೇ ಕಣಿವೆಯಲ್ಲೇ ಉಳಿಯುತ್ತದೆ. ಹಾಗಾಗಿ ಆರ್ಮ್‌ಚೇರ್ ಡಿ ಕೊಡುತ್ತದೆ, ಅಪ್ಪಟ ಜಿಗ್‌ಜಾಗ್ ಕೊಡುವುದಿಲ್ಲ. 2004ರಲ್ಲಿ ಬ್ರೆಜಿಲ್‌ನ ತಂಡವೊಂದು ಗ್ರಾಫೈಟ್ ಅಂಚುಗಳಲ್ಲಿ ಈ ವ್ಯತ್ಯಾಸ ತೋರಿಸಿತು.

ತೊಡಕು ಇರುವುದು ಅಪ್ಪಟ ಅನ್ನುವ ಪದದಲ್ಲಿ. ಬಟ್ಟೆಯನ್ನು ಕತ್ತರಿಯಲ್ಲಿ ನೇರವಾಗಿ ಕತ್ತರಿಸಿ. ಕೈಯಳತೆ ದೂರದಿಂದ ಗೆರೆ ಎಳೆದ ಹಾಗೆ ಕಾಣುತ್ತದೆ. ಕಣ್ಣಿನ ಹತ್ತಿರ ಹಿಡಿದರೆ ನೂಲೆಳೆಗಳು ಒಂದು ಉದ್ದ, ಒಂದು ಗಿಡ್ಡ. ಟೇಪಿನಲ್ಲಿ ಹರಿದ ಗ್ರಾಫೀನ್ ಅಂಚೂ ಹಾಗೇ. ಮೈಕ್ರೋಸ್ಕೋಪಿನಲ್ಲಿ ಎಷ್ಟೇ ನೇರ ಕಂಡರೂ ಪರಮಾಣುಗಳ ಮಟ್ಟದಲ್ಲಿ ಆರ್ಮ್‌ಚೇರ್, ಜಿಗ್‌ಜಾಗ್ ತುಣುಕುಗಳು ಕಲಸಿಹೋಗಿರುತ್ತವೆ. ಆದ್ದರಿಂದ ಎಲ್ಲ ತೆರೆದ ಅಂಚೂ ಸ್ವಲ್ಪವಾದರೂ ಡಿ ಕೊಡುತ್ತದೆ. ಒಂದು ಅಂಚಿನಲ್ಲಿ ಡಿ ಪೂರ್ತಿ ಇಲ್ಲ ಅಂದರೆ ನಾನು ಮೊದಲು ಅನುಮಾನಿಸುವುದು ಮಡಿಕೆಯನ್ನು, ಆಮೇಲೆ ಫೋಕಸ್ಸನ್ನು, ಆಮೇಲೆ ಪೋಲರೈಸೇಶನ್ನನ್ನು, ಅಂದರೆ ಬೆಳಕಿನ ವಿದ್ಯುತ್ ಕ್ಷೇತ್ರ ತೂಗುವ ದಿಕ್ಕನ್ನು. ಜಿಗ್‌ಜಾಗ್ ಸರದಿ ಕಟ್ಟಕಡೆಗೆ.

ಪೋಲರೈಸೇಶನ್ ಯಾಕೆ ಅಂದರೆ, ಗ್ರಾಫೀನ್‌ನಲ್ಲಿ ಬೆಳಕು ಎಬ್ಬಿಸುವ ಎಲೆಕ್ಟ್ರಾನುಗಳು ಬೆಳಕಿನ ವಿದ್ಯುತ್ ಕ್ಷೇತ್ರಕ್ಕೆ ಅಡ್ಡವಾಗಿ ಓಡುವುದೇ ಜಾಸ್ತಿ. ಕ್ಷೇತ್ರ ಅಂಚಿನ ಗುಂಟ ಇದ್ದರೆ ಎಲೆಕ್ಟ್ರಾನ್ ನೇರ ಹೋಗಿ ಕಟ್ಟಿಗೆ ಮುಖಾಮುಖಿ ಬಡಿದು, ಬಂದ ದಾರಿಯಲ್ಲೇ ವಾಪಸ್ ಬರುತ್ತದೆ. ಡಿ ಜೋರಾಗಿರುತ್ತದೆ. ಕ್ಷೇತ್ರ ಅಂಚಿಗೆ ಲಂಬವಾಗಿದ್ದರೆ ಎಲೆಕ್ಟ್ರಾನುಗಳು ಅಂಚಿನ ಪಕ್ಕಪಕ್ಕದಲ್ಲೇ ಓಡಿಹೋಗುತ್ತವೆ. ಡಿ ಕುಸಿಯುತ್ತದೆ. ಕೆಲಸ ಶುರು ಮಾಡಿದ ಹೊಸದರಲ್ಲಿ ನಾನೇ ಇದರಲ್ಲಿ ಬಿದ್ದವಳು. ಒಂದು ಮೂಲೆಯ ಎರಡು ಅಂಚುಗಳಲ್ಲಿ ಒಂದರಲ್ಲಿ ಡಿ ಇದೆ, ಇನ್ನೊಂದರಲ್ಲಿ ಇಲ್ಲವೇ ಇಲ್ಲ ಅನ್ನುವಷ್ಟು. ಜಿಗ್‌ಜಾಗ್ ಸಿಕ್ಕಿತು ಅಂತ ಗುಂಪಿನ ಮೀಟಿಂಗ್‌ನಲ್ಲಿ ಸ್ಲೈಡ್ ಹಾಕಿ, ಸಿಹಿಯೂ ಹಂಚಿದ್ದೆ. ಮಾರನೇ ದಿನ ಸ್ಯಾಂಪಲ್ಲನ್ನು 90 ಡಿಗ್ರಿ ತಿರುಗಿಸಿ ಇಟ್ಟರೆ ಡಿ ಆ ಅಂಚಿನಿಂದ ಈ ಅಂಚಿಗೆ ಬಂದು ಕೂತಿತ್ತು. ಲೇಸರ್ ಒಂದೇ ದಿಕ್ಕಿಗೆ ಪೋಲರೈಸ್ ಆಗಿರುತ್ತದೆ ಅನ್ನುವುದನ್ನೇ ಮರೆತಿದ್ದೆ.

ಸುಟ್ಟಿದೆ ಅನ್ನುವ ಮಾತನ್ನು ತಳ್ಳಿಹಾಕಲಾರೆ, ಆದರೆ ನಿಮ್ಮ ವಿವರದಲ್ಲಿ ಅದರ ಲಕ್ಷಣ ಕಾಣುವುದಿಲ್ಲ. ನೀವು ಎಷ್ಟು ಪವರ್ ಹಾಕಿದ್ದು ಅಂತ ಬರೆದಿಲ್ಲ. ನನ್ನ ಪದ್ಧತಿ, ಗ್ರಾಫೀನ್‌ಗೆ ಲೆನ್ಸ್ ಕೆಳಗೆ 1 ಮಿಲಿವಾಟ್ ದಾಟುವುದಿಲ್ಲ. ಯಂತ್ರದ ಪರದೆಯಲ್ಲಿ ಕಾಣುವ ಅಂಕಿಯಲ್ಲ, ಸ್ಯಾಂಪಲ್ ಜಾಗದಲ್ಲಿ ಮೀಟರ್ ಇಟ್ಟು ಅಳೆದದ್ದು. ಸುಟ್ಟಿದೆಯೋ ಇಲ್ಲವೋ ತಿಳಿಯಲು ಒಂದೇ ಜಾಗದಲ್ಲಿ ಐದು ಸಲ ಸ್ಪೆಕ್ಟ್ರಮ್ ತೆಗೆಯಿರಿ. ಡಿ ಏರುತ್ತಾ ಹೋದರೆ ಲೇಸರ್ ಹಾಳುಮಾಡುತ್ತಿದೆ. ಐದೂ ಒಂದೇ ಥರ ಇದ್ದರೆ ಆ ಪವರ್‌ನಲ್ಲಿ ಭಯವಿಲ್ಲ. ನಮ್ಮಲ್ಲಿ ಒಬ್ಬ ಹುಡುಗ ಪೂರ್ತಿ ಪವರ್ ಬಿಟ್ಟು ಟೀ ಕುಡಿಯಲು ಹೋಗಿದ್ದ. ಬಂದು ನೋಡಿದರೆ ಚುಕ್ಕೆ ಇದ್ದ ಕಡೆ ದುಂಡನೆಯ ತೂತು, ಸುತ್ತ ಹೊಸ ಅಂಚು, ಭರ್ಜರಿ ಡಿ ಪೀಕ್.

ಗೆಳತಿಯ ತ್ರಿಕೋನಗಳದ್ದು ಬೇರೆ ವ್ಯವಹಾರ. ಟಂಗ್‌ಸ್ಟನ್ ಡೈಸಲ್ಫೈಡ್‌ನ ಒಂದು ಪದರ ಹಸಿರು ಬೆಳಕು ನುಂಗಿ, ಸುಮಾರು 2 ಎಲೆಕ್ಟ್ರಾನ್‌ವೋಲ್ಟ್‌ನ ಕೆಂಪು ಬೆಳಕು ಕಕ್ಕುತ್ತದೆ. ಅದು ಚದುರಿದ ಬೆಳಕಲ್ಲ, ಅದು ತಾನೇ ಹೊಮ್ಮಿಸಿದ್ದು. ಬೆಳೆಸಿದ ತ್ರಿಕೋನಗಳಲ್ಲಿ ಅಂಚು ಜಾಸ್ತಿ ಹೊಳೆಯುವುದೂ ಉಂಟು, ಮಂಕಾಗುವುದೂ ಉಂಟು. ಅಂಚಿನ ರಸಾಯನ, ಎಳೆತ, ಅಲ್ಲಿ ಕೂತ ಆಮ್ಲಜನಕ, ನೀರು, ಎಲ್ಲ ಸೇರಿ ಆಗುವ ಕೆಲಸ. ಅದನ್ನು ನಿಮ್ಮ ಡಿ ಪೀಕಿನ ಜೊತೆ ಒಂದೇ ತಕ್ಕಡಿಗೆ ಹಾಕಬೇಡಿ.

ಮುಂದೇನು ಮಾಡುವುದು? ಸ್ಲಾಟಿಗೆ ದುಡ್ಡು ಕಟ್ಟಿ, ರಾತ್ರಿ ಬಸ್ಸಿಗೆ ಬಂದು ಹೋಗುವವರು ನೀವು. ಹಾಗಾಗಿ ಕಮ್ಮಿ ಖರ್ಚಿನದ್ದರಿಂದ ಹೇಳುತ್ತೇನೆ.

ಮೊದಲನೆಯದು ಸ್ಯಾಂಪಲ್ ತಿರುಗಿಸುವುದು. ಯಂತ್ರದಲ್ಲಿ ಪೋಲರೈಸರ್ ತಿರುಗಿಸುವ ಸೌಲಭ್ಯ ಇದ್ದರೂ ನಾನು ಸ್ಯಾಂಪಲ್ಲನ್ನೇ ತಿರುಗಿಸಿ ಅನ್ನುತ್ತೇನೆ. ಒಳಗೆ ಬಣ್ಣ ಬಿಡಿಸುವ ಗ್ರೇಟಿಂಗ್‌ಗೆ ಒಂದು ದಿಕ್ಕಿನ ಬೆಳಕು ಕಂಡರೆ ಪ್ರೀತಿ, ಇನ್ನೊಂದು ಕಂಡರೆ ತಾತ್ಸಾರ. ಬೆಳಕನ್ನು ತಿರುಗಿಸಿದರೆ ಯಂತ್ರದ ಪಕ್ಷಪಾತವೂ ನಿಮ್ಮ ಡೇಟಾಗೆ ಸೇರಿಕೊಳ್ಳುತ್ತದೆ. ಅಂಚಿನ ಗುಂಟ ಒಮ್ಮೆ, ಲಂಬವಾಗಿ ಒಮ್ಮೆ. ಡಿ ಚೆನ್ನಾಗಿ ಏರಿಳಿದರೆ ಅದು ಅಂಚಿನದ್ದೇ. ತಿರುಗಿಸಿದರೂ ಅಲ್ಲಾಡದಿದ್ದರೆ ಒಳಗೆ ಬಿಡಿ ದೋಷಗಳಿವೆ ಅಥವಾ ಅಂಚು ತೀರಾ ಹರುಕು ಮುರುಕು, ಆಗ ಗೈಡ್ ಮಾತಿಗೆ ತೂಕ ಬರುತ್ತದೆ. ಇದರಲ್ಲಿ ಕಷ್ಟ ಒಂದೇ, ತಿರುಗಿಸಿದ ಮೇಲೆ ಅದೇ ಜಾಗ ಹುಡುಕುವುದು. ಅರ್ಧ ಗಂಟೆ ಅದಕ್ಕೇ ಹೋಗುತ್ತದೆ.

ಎಎಫ್‌ಎಂ, ಅಂದರೆ ಸೂಜಿಮೊನೆಯಿಂದ ಎತ್ತರ ತಡವಿ ನೋಡುವ ಮೈಕ್ರೋಸ್ಕೋಪ್, ಸಿಕ್ಕರೆ ಮಡಿಕೆಯೋ ಗೋಂದೋ ಅನ್ನುವುದು ಒಂದೇ ಚಿತ್ರದಲ್ಲಿ ಇತ್ಯರ್ಥ. ಆದರೆ ಪದರದ ದಪ್ಪ 0.335 ಬರಲಿಲ್ಲ ಅಂತ ತಲೆ ಕೆಡಿಸಿಕೊಳ್ಳಬೇಡಿ, ಕೆಳಗೆ ಸಿಕ್ಕ ನೀರಿನಿಂದ 0.8, 1 ನ್ಯಾನೋಮೀಟರ್ ತೋರಿಸುವುದು ದಿನನಿತ್ಯದ ಮಾತು. ಸೂಜಿ ತಾಗಿಸಿಕೊಂಡೇ ಎಳೆಯುವ ಕಾಂಟ್ಯಾಕ್ಟ್ ಮೋಡ್ ಬೇಡವೇ ಬೇಡ, ಸೂಜಿ ಅಂಚನ್ನು ಎತ್ತಿ ಇನ್ನೊಂದು ಮಡಿಕೆ ಮಾಡಿಬಿಡುತ್ತದೆ.

ಗೋಂದು ಕಂಡರೆ ಆರ್ಗಾನ್-ಹೈಡ್ರೋಜನ್‌ನಲ್ಲಿ ಬಿಸಿ ಮಾಡಿ ತೆಗೆಯಿರಿ ಅಂತ ಯಾರಾದರೂ ಹೇಳುತ್ತಾರೆ. ಗೋಂದು ಹೋಗುವುದು ನಿಜ. ಜೊತೆಗೆ ಗ್ರಾಫೀನ್ ಆಕ್ಸೈಡಿಗೆ ಗಟ್ಟಿಯಾಗಿ ಅಂಟಿಕೊಂಡು ಎಳೆತವೂ ಡೋಪಿಂಗೂ (ಹಾಳೆಯಲ್ಲಿ ಸೇರಿದ ಹೆಚ್ಚುವರಿ ವಿದ್ಯುದಾವೇಶ) ಬದಲಾಗುತ್ತವೆ. ಆಮೇಲೆ ಟೂಡಿ-ಜಿ ಅನುಪಾತ ನೋಡಿ ಪದರ ಎಣಿಸಲು ಹೋದರೆ ಮೋಸ ಹೋಗುತ್ತೀರಿ. ಆ ಅನುಪಾತ ಡೋಪಿಂಗ್‌ಗೆ ಹೇಗೆ ಕುಣಿಯುತ್ತದೆ ಅನ್ನುವುದನ್ನು 2008ರಲ್ಲಿ ಬೆಂಗಳೂರಿನಲ್ಲೇ ಭೌತವಿಜ್ಞಾನಿ ಅಜಯ್ ಸೂದ್ ಅವರ ತಂಡ ಗ್ರಾಫೀನ್ ಟ್ರಾನ್ಸಿಸ್ಟರಿಗೆ ಗೇಟ್ ವೋಲ್ಟೇಜ್ ಕೊಟ್ಟು ತೋರಿಸಿದೆ. ಇರುವುದು ಒಂದೇ ಫ್ಲೇಕ್, ನಾನಾಗಿದ್ದರೆ ಬಿಸಿ ಮಾಡುತ್ತಿರಲಿಲ್ಲ.

ಜಿಗ್‌ಜಾಗ್ ಅಂತ ಬರೆಯಲೇಬೇಕು ಅನ್ನುವ ಹಟ ಇದ್ದರೆ ದಾರಿ ದುಬಾರಿ. 30 ಅಥವಾ 90 ಡಿಗ್ರಿಯಲ್ಲಿ ಸೇರುವ ಎರಡು ಅಂಚು ಬೇಕು, ಏಕೆಂದರೆ ಹರಳಿನ ಲೆಕ್ಕದಲ್ಲಿ ಅವುಗಳಲ್ಲಿ ಒಂದು ಆರ್ಮ್‌ಚೇರ್ ದಿಕ್ಕಿನದಾದರೆ ಇನ್ನೊಂದು ಜಿಗ್‌ಜಾಗ್ ದಿಕ್ಕಿನದು. ಪೋಲರೈಸೇಶನ್ ಪ್ರತಿ ಅಂಚಿನ ಗುಂಟ ಇಟ್ಟು ಎರಡರ ಡಿ ಹೋಲಿಸಬೇಕು. ಹಾಗೆ ಮಾಡಿದರೂ ಇದು ಜಿಗ್‌ಜಾಗ್ ಪಾಲು ಜಾಸ್ತಿ ಇರುವ ಅಂಚು ಅಂತಷ್ಟೇ ಬರೆಯಬಹುದು. 1620ರ ಹತ್ತಿರದ ಪುಟ್ಟ ಡಿ-ಪ್ರೈಮ್ ಪೀಕನ್ನೂ ಹುಡುಕಿ. ಒಂದೇ ಕಣಿವೆಯೊಳಗಿನ ಓಡಾಟದಿಂದ ಬರುವ ಪೀಕ್ ಅದು, ಜಿಗ್‌ಜಾಗ್‌ಗೂ ಅಡ್ಡಿಯಿಲ್ಲ. ಪರಮಾಣುಗಳನ್ನು ಒಂದೊಂದಾಗಿ ಎಣಿಸಬೇಕೆಂದರೆ ಟಿಇಎಂ, ಅಂದರೆ ಎಲೆಕ್ಟ್ರಾನ್ ಹಾಯಿಸಿ ನೋಡುವ ಮೈಕ್ರೋಸ್ಕೋಪ್ ಬೇಕು. ಅದಕ್ಕೆ ಫ್ಲೇಕನ್ನು ಸಿಲಿಕಾನ್‌ನಿಂದ ಎತ್ತಿ ಜಾಳಿಗೆಯ ಮೇಲೆ ಹಾಕಬೇಕು. 86 ಕಿಲೋವೋಲ್ಟ್ ದಾಟಿದರೆ ಎಲೆಕ್ಟ್ರಾನ್ ಏಟಿಗೆ ಕಾರ್ಬನ್ ಪರಮಾಣುಗಳು ಎಗರಿಹೋಗುತ್ತವೆ, ಅಂಚಿನ ಪರಮಾಣುಗಳು ಅದಕ್ಕೂ ಮೊದಲೇ. ನೋಡಲು ಹೋದ ಅಂಚು ನೋಡುತ್ತಿದ್ದ ಹಾಗೆಯೇ ಬದಲಾಗುತ್ತದೆ.

ಮುಂದಿನ ಸ್ಲಾಟಿಗೆ ಬರುವಾಗ ಫ್ಲೇಕಿನ ಫೋಟೋ ಪ್ರಿಂಟ್ ತನ್ನಿ. ಆಪರೇಟರ್ ಹತ್ತಿರ ಲೇಸರ್ ಪೋಲರೈಸೇಶನ್ ಯಾವ ದಿಕ್ಕಿಗಿದೆ ಅಂತ ಮೊದಲೇ ಕೇಳಿ, ಫೋಟೋ ಮೇಲೆ ಪೆನ್ನಿನಲ್ಲಿ ಬಾಣ ಹಾಕಿಕೊಳ್ಳಿ. ಆಮೇಲೆ ಹೊಳೆಯುವ ಗೆರೆಯಿಂದ ಒಳಕ್ಕೆ ಹೊರಡಿ. ಸೆರಗಿನ ತುದಿ ಸಿಕ್ಕರೆ ನನಗೂ ಒಂದು ಸಾಲು ಬರೆಯಿರಿ.